ಐದನೆಯ ಭಾಷೆಯ ಮೂವತ್ತೊಂದು ಪದಗಳು

ಕಳೆದ ಯುಗಾದಿಗೆ ಸ್ವೀಡನ್ನಿನ ಯೋನ್‌ಶೋಪಿಂಗ್ ಊರಿನ ಕನ್ನಡದವರೆಲ್ಲ ಒಂದು ಬಾಡಿಗೆ ಹಾಲಿನಲ್ಲಿ ಊಟಕ್ಕೆ ಸೇರಿದ್ದೆವು. ನನ್ನ ಪಕ್ಕದಲ್ಲಿ ಮೇಘನಾ ಎಂಬ ಹುಡುಗಿ ಕೂತಿದ್ದಳು. ಇಲ್ಲೇ ಬೆಳೆದವಳು, ಲಿನ್‌ಶೋಪಿಂಗಿನಲ್ಲಿ ಓದು ಮುಗಿಸಿ ಈಗ ಲಿಂಡ್‌ಹೋಲ್ಮೆನ್ ಎಂಬ ಬಡಾವಣೆಯ ಒಂದು ಆಫೀಸಿನಲ್ಲಿದ್ದಾಳೆ. ಜನ ಕಾರಿನೊಳಗೆ ಕೂತು ಕಾರಿಗೆ ಬಾಯಲ್ಲಿ ಹೇಳುವ ಮಾತುಗಳ ತುಣುಕುಗಳನ್ನು ಕೇಳಿ, ಬರೆದು, ಪಟ್ಟಿಗೆ ಹಾಕುವುದು ಅವಳ ಕೆಲಸ. ನಾನೂ ಧ್ವನಿ ಕೇಳಿ ಬರೆಯುವ ಕೆಲಸದಲ್ಲೇ ಮುದುಕನಾದವನು ಎಂದು ಯಾರೋ ಅವಳಿಗೆ ಹೇಳಿದ್ದರು.

"ಅಂಕಲ್, ಒಂದ್ ಡೌಟು. ಕೆಲವು ಕ್ಲಿಪ್ ಏನೂ ಕೇಳ್ಸೋದೇ ಇಲ್ಲ. ಬ್ಲ್ಯಾಂಕ್ ಬಿಟ್ರೆ ಸಿಸ್ಟಮ್ಮು ರೆಡ್ ತೋರ್ಸುತ್ತೆ. ಹಿಂದಿನ ಲೈನೇ ಕಾಪಿ ಮಾಡ್ಬಿಟ್ರೆ ಯಾರಿಗ್ ಗೊತ್ತಾಗುತ್ತೆ?"

ಹಾಗೆ ಮಾಡಬೇಡ ಎಂದೆ. ಯಾಕೆ ಎಂದು ಕೇಳಿದಳು. ಬಾಯಲ್ಲಿ ಹೇಳುವಷ್ಟು ಚಿಕ್ಕ ವಿಷಯವಲ್ಲ, ಬರೆದು ಕೊಡುತ್ತೇನೆ ಎಂದೆ. ನಮ್ಮ ಸಂಘದ ವಾರ್ಷಿಕ ಸಂಚಿಕೆಗೆ ಅವಳೇ ಸಂಪಾದಕಿ. ಅದಕ್ಕೇ ಇದು ಅವಳ ಹೆಸರಿಗೆ, ಅವಳ ವಯಸ್ಸಿನವರೆಲ್ಲರಿಗೆ.

ನಾನು ಎಸ್‌ಎಸ್‌ಎಲ್‌ಸಿ ಪಾಸಾದವನು. ಅದರಾಚೆ ಓದಿಲ್ಲ. ಗದಗದ ಒಂದು ಛಾಪಖಾನೆಯಲ್ಲಿ ಎಂಟು ವರ್ಷ ಕಂಪೋಜಿಟರ್ ಆಗಿದ್ದೆ. ಸೀಸದ ಮೊಳೆಗಳನ್ನು ಒಂದೊಂದಾಗಿ ಜೋಡಿಸಿ ಸಾಲು ಕಟ್ಟುವ ಕೆಲಸ. ಕನ್ನಡದಲ್ಲಿ ಒತ್ತಕ್ಷರಗಳ ಮೊಳೆ ಯಾವಾಗಲೂ ಕಡಿಮೆ. ನಡುವೆ ಒಂದು ಅಕ್ಷರ ಮುಗಿದುಹೋದರೆ ಕಂಪೋಜಿಟರ್ ಕೆಲಸ ನಿಲ್ಲಿಸುವುದಿಲ್ಲ. ಅದೇ ದಪ್ಪದ ಬೇರೆ ಯಾವುದಾದರೂ ಮೊಳೆಯನ್ನು ತಲೆಕೆಳಗಾಗಿ ಇಟ್ಟು ಮುಂದೆ ಹೋಗುತ್ತಾನೆ. ಪ್ರೂಫ್ ತೆಗೆದಾಗ ಆ ಜಾಗದಲ್ಲಿ ಮೊಳೆಯ ಬುಡದ ಗುರುತು ಕಪ್ಪಗೆ ಮೂಡುತ್ತದೆ. ಇಲ್ಲಿ ಏನೋ ಇಲ್ಲ ಎಂದು ಕುರುಡನಿಗೂ ಕಾಣುವ ಹಾಗೆ. ಅಚ್ಚಾದ ಬೇರೆ ಪುಟದ ಮೊಳೆಗಳನ್ನು ಬಿಚ್ಚಿದ ಮೇಲೆ ಸರಿಯಾದ ಮೊಳೆ ಸಿಗುತ್ತದೆ, ಆಗ ಬದಲಾಯಿಸುತ್ತೇವೆ. ಮೊಳೆ ಇಲ್ಲವೆಂದು ಹತ್ತಿರದ ಇನ್ನೊಂದು ಅಕ್ಷರವನ್ನು ನೆಟ್ಟಗೆ ಇಟ್ಟವನನ್ನು ನಮ್ಮ ಮಾಲಕರು ಅದೇ ದಿನ ಮನೆಗೆ ಕಳಿಸುತ್ತಿದ್ದರು. ಈ ಪಾಠವನ್ನು ನಾನು ಹತ್ತೊಂಬತ್ತನೆಯ ವಯಸ್ಸಿನಲ್ಲೇ ಕಲಿತಿದ್ದೆ. ಗೊತ್ತಿಲ್ಲದೆ ತಪ್ಪು ಮಾಡಿದೆ ಎಂದು ಹೇಳಿಕೊಳ್ಳುವ ಅವಕಾಶ ನನಗಿಲ್ಲ.

ಸ್ವೀಡನ್ನಿಗೆ ನಾನು ಬಂದದ್ದು ಹೆಂಡತಿಯ ಹಿಂದೆ. ಸರೋಜಾ ನರ್ಸು, ಅವಳಿಗೆ ಇಲ್ಲಿ ಕೆಲಸ ಸಿಕ್ಕಿತ್ತು. ಹೆಸರು ನೋಂದಾಯಿಸುವ ಕಚೇರಿಯಲ್ಲಿ ಗುಮಾಸ್ತೆ ಗಂಡನ ಹೆಸರೇನು ಎಂದು ಕೇಳಿದಳು. ಸರೋಜಾ ಸುಮ್ಮನೆ ನಿಂತಳು. ಇನ್ನೊಮ್ಮೆ ಕೇಳಿದಳು. ಸರೋಜಾ ನನ್ನ ಪಾಸ್‌ಪೋರ್ಟನ್ನು ಮೇಜಿನ ಮೇಲೆ ಮುಂದಕ್ಕೆ ತಳ್ಳಿದಳು. ಆ ಗುಮಾಸ್ತೆ ನನ್ನ ಕಡೆ ಅನುಮಾನದಿಂದ ನೋಡಿದ್ದು ಇನ್ನೂ ನೆನಪಿದೆ. ಬಲವಂತದ ಮದುವೆಯೋ ಏನೋ ಎಂದುಕೊಂಡಿರಬೇಕು. ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ಬಾಯಲ್ಲಿ ತರುವುದಿಲ್ಲ ಎಂದು ಅವಳಿಗೆ ವಿವರಿಸುವಷ್ಟು ಸ್ವೀಡಿಶ್ ನಮ್ಮಿಬ್ಬರಿಗೂ ಇರಲಿಲ್ಲ. ನನ್ನ ತಾಯಿ ಇನ್ನೂ ಒಂದು ಹೆಜ್ಜೆ ಮುಂದೆ. ನನ್ನ ತಂದೆಯ ಹೆಸರು ಮಲ್ಲಪ್ಪ. ಅವ್ವ ಮಲ್ಲಿಗೆಗೆ ಸಾಯುವ ತನಕ "ಬಿಳೇ ಹೂವು" ಎಂದೇ ಅಂದಳು.

ಮೊದಲು ಆಸ್ಪತ್ರೆಯ ಲಾಂಡ್ರಿ, ಆಮೇಲೆ ಒಂದು ವಿಶ್ವವಿದ್ಯಾಲಯದ ಮುದ್ರಣಾಲಯ. ಅದು ಮುಚ್ಚಿದಾಗ ನನ್ನನ್ನು ಭಾಷಾ ವಿಭಾಗದ ಧ್ವನಿ ಸಂಗ್ರಹಕ್ಕೆ ಕಳಿಸಿದರು. ಊರಿನ ಹೆಸರು ಬರೆಯುವುದಿಲ್ಲ. ಬಡ್ತಿಯ ಬಗ್ಗೆ ಬರೆಯಲು ಏನೂ ಇಲ್ಲ. ಸೇರಿದ ಕುರ್ಚಿಯಿಂದಲೇ ಎದ್ದೆ.

ಅಲ್ಲಿ ಓಲೋಫ್ ಎಂಬ ಹಿರಿಯ ಪ್ರೊಫೆಸರ್ ಇದ್ದರು. ಎಂಬತ್ತರ ದಶಕದಲ್ಲಿ ಸುಡಾನಿನ ಒಂದು ಬೆಟ್ಟಸಾಲಿಗೆ ಹೋಗಿ, ಹಳ್ಳಿಯಿಂದ ಹಳ್ಳಿಗೆ ನಡೆದು, ಟೇಪುಗಳನ್ನು ತುಂಬಿಕೊಂಡು ಬಂದಿದ್ದರು. ಅಲ್ಲಿ ಏಳು ಚಿಕ್ಕ ಭಾಷೆಗಳು, ಒಂದೊಂದಕ್ಕೆ ಒಂದೋ ಎರಡೋ ಹಳ್ಳಿ. ಯಾವುದರ ಬಗ್ಗೆಯೂ ಪುಸ್ತಕವಿಲ್ಲ. ಹೆಸರುಗಳ ಬದಲು ನಾವು ಆಫೀಸಿನಲ್ಲಿ ಒಂದರಿಂದ ಏಳು ಎಂದೇ ಕರೆಯುತ್ತಿದ್ದೆವು. ಕೆಲಸ ಇಷ್ಟೆ: ಪ್ರತಿ ಭಾಷೆಯಲ್ಲೂ ಒಂದೇ ಇನ್ನೂರು ಪದಗಳು. ಕಣ್ಣು, ನೀರು, ಬೆಂಕಿ, ಎರಡು, ನಾಯಿ, ಹೀಗೆ. ಅವನ್ನು ಪಕ್ಕಪಕ್ಕ ಇಟ್ಟು ಯಾವ ಭಾಷೆ ಯಾವುದಕ್ಕೆ ಒಡಹುಟ್ಟು, ಯಾವುದು ದೂರದ ನೆಂಟ, ಯಾವುದು ಬರೀ ನೆರೆಮನೆಯದು ಎಂದು ತೀರ್ಮಾನಿಸುವುದು. ನನಗೆ ಇದು ಬೇಗ ತಲೆಗೆ ಹೋಯಿತು. ಕನ್ನಡದ ಹಾಲು ತಮಿಳಿನಲ್ಲಿ ಪಾಲು, ಹುಲಿ ಪುಲಿ, ಹಲ್ಲು ಪಲ್ಲು ಎಂದು ಓಲೋಫರಿಗೆ ಹೇಳಿದೆ. ಅವರು ಕಾಫಿ ಕೆಳಗಿಟ್ಟು ನನ್ನ ಕೈ ಕುಲುಕಿದರು. ಧ್ವನಿಲಿಪಿಯನ್ನು ಅವರೇ ಕಲಿಸಿದರು. ವಿಚಿತ್ರ ಅಕ್ಷರಗಳ ಜೊತೆ ಎಂಟು ವರ್ಷ ಬದುಕಿದ್ದವನಿಗೆ ಅದು ಕಷ್ಟವಾಗಲಿಲ್ಲ. ಟೇಪಿನಲ್ಲಿ ಏನಾದರೂ ಸ್ಪಷ್ಟವಾಗದಿದ್ದರೆ ವಿಭಾಗದಲ್ಲಿ ಎಲ್ಲರೂ "ಚನ್ನನನ್ನು ಕೇಳಿ" ಎನ್ನುವಂತಾಯಿತು. ಚನ್ನಬಸಪ್ಪ ಎನ್ನುವಷ್ಟು ಉಸಿರು ಇಲ್ಲಿಯವರಿಗಿಲ್ಲ.

ಆಗ ಎಲ್ಲವೂ ಕಾರ್ಡುಗಳಲ್ಲಿ. ಒಂದು ಪದಕ್ಕೆ ಒಂದು ಕಾರ್ಡು, ಕಾರ್ಡುಗಳು ಚಪ್ಪಲಿ ಅಂಗಡಿಯ ಡಬ್ಬಿಗಳಲ್ಲಿ. ಒಂದು ಚಳಿಗಾಲ ಕಿಟಕಿಯ ಬಳಿ ಡಬ್ಬಿಗಳು ಒದ್ದೆಯಾದವು. ನಾನು ಜಾಣತನ ಮಾಡಿ ಕಾರ್ಡುಗಳನ್ನೆಲ್ಲ ರೇಡಿಯೇಟರಿನ ಮೇಲೆ, ನೆಲದ ಮೇಲೆ ಹಪ್ಪಳದ ಹಾಗೆ ಒಣಗಲು ಹರಡಿದೆ. ಬೆಳಿಗ್ಗೆ ಕಸ ಗುಡಿಸುವವರು ಪಾಪ ಒಪ್ಪವಾಗಿ ಒಂದೇ ರಾಶಿ ಮಾಡಿಟ್ಟಿದ್ದರು. ಏಳು ಭಾಷೆ ಬೇರೆ ಮಾಡಲು ಆರು ವಾರ ಬೇಕಾಯಿತು. ಓಲೋಫ್ ನನ್ನ ಜೊತೆ ನೆಲದ ಮೇಲೆ ಕೂತು ಆರಿಸಿದರು. ಆ ತಪ್ಪು ಎಲ್ಲರ ಕಣ್ಣಿಗೂ ಬಿದ್ದಿತ್ತು, ಎಲ್ಲರೂ ನಕ್ಕರು, ಸರಿಹೋಯಿತು. ತಪ್ಪೆಂದರೆ ಹಾಗಿರಬೇಕು.

ಓಲೋಫ್ ತೀರಿಕೊಂಡ ಮೇಲೆ ಗುನಿಲ್ಲಾ ಬಂದರು. ಕಾರ್ಡು ಹೋಗಿ ಕಂಪ್ಯೂಟರ್ ಬಂತು. ಒಂದು ಸಾಲು ಒಂದು ಭಾಷೆ, ಒಂದು ಚೌಕ ಒಂದು ಪದ. ಚೌಕಗಳೆಲ್ಲ ತುಂಬಿದ ಮೇಲೆ ಒಂದು ಗುಂಡಿ ಒತ್ತಿದರೆ ಪ್ರೋಗ್ರಾಂ ಭಾಷೆಗಳ ವಂಶವೃಕ್ಷವನ್ನು ತಾನೇ ಬರೆದುಬಿಡುತ್ತಿತ್ತು. ಗುನಿಲ್ಲಾ ಒಳ್ಳೆಯ ಮೇಲಧಿಕಾರಿ. ಮೂರು ಗಂಟೆಗೆ ಎಲ್ಲರೂ ಫಿಕಾಗೆ, ಅಂದರೆ ಕಾಫಿಗೆ, ಬರಲೇಬೇಕು ಎನ್ನುವುದೊಂದೇ ಅವರ ಕಟ್ಟುನಿಟ್ಟು. ಯಾರನ್ನೂ ಬೈಯುತ್ತಿರಲಿಲ್ಲ. ಗದಗದಲ್ಲಿ ಬೈಸಿಕೊಂಡೇ ಕೆಲಸ ಕಲಿತ ನನಗೆ ಇದು ಸುಖ ಎನಿಸಿತ್ತು. ಈಗ ಅನಿಸುತ್ತದೆ, ಬೈಯದ ಮನುಷ್ಯರ ಮುಂದೆ ತಪ್ಪು ಒಪ್ಪಿಕೊಳ್ಳುವುದು ಇನ್ನೂ ಕಷ್ಟ.

2010ರ ನಂತರದ ವರ್ಷಗಳಲ್ಲಿ ಆ ಏಳು ಭಾಷೆಗಳ ವರ್ಗೀಕರಣವನ್ನು ಮುಗಿಸಿಯೇಬಿಡೋಣ ಎಂದು ಗುನಿಲ್ಲಾ ಹಿಡಿದರು. ಹಳೆಯ ಟೇಪುಗಳನ್ನೆಲ್ಲ ನಾನು ಮತ್ತೆ ಕೇಳಿ ಬರೆಯಬೇಕು. ಅಷ್ಟರಲ್ಲಿ ನನ್ನ ಎಡಗಿವಿ ಹೋಗಿತ್ತು. ಬಲಗಿವಿ ಹೋಗುವ ದಾರಿಯಲ್ಲಿತ್ತು. ಕಿವಿಯೇ ನನ್ನ ಅನ್ನ. ಓದಿಲ್ಲದ ನನಗೆ ಆ ವಿಭಾಗದಲ್ಲಿ ಬೇರೆ ಯಾವ ಯೋಗ್ಯತೆಯೂ ಇರಲಿಲ್ಲ. ಯಾರಿಗೂ ಹೇಳಲಿಲ್ಲ. ಒಂದರಿಂದ ನಾಲ್ಕರ ತನಕ ಟೇಪುಗಳು ಗಟ್ಟಿಯಾಗಿದ್ದವು, ಹೇಗೋ ಮುಗಿಸಿದೆ. ಐದನೆಯದು ಒಬ್ಬ ಹೆಂಗಸಿನ ದನಿ. ಡಬ್ಬಿಯ ಮೇಲೆ ಹಳ್ಳಿಯ ಹೆಸರು ಬಿಟ್ಟರೆ ಏನೂ ಇಲ್ಲ. ಓಲೋಫ್ ಕೇಳುತ್ತಾರೆ, ದುಭಾಷಿ ಅರಬಿಯಲ್ಲಿ ಕೇಳುತ್ತಾನೆ, ಅವಳು ಮೆಲ್ಲಗೆ ಹೇಳುತ್ತಾಳೆ. ಕೆಲವು ಕಡೆ ಹೇಳುವುದೇ ಇಲ್ಲ, ಸುತ್ತ ಕೂತ ಹೆಂಗಸರು ಗೊಳ್ಳೆಂದು ನಗುತ್ತಾರೆ. ಇನ್ನು ಕೆಲವು ಕಡೆ ಏನೋ ಹೇಳುತ್ತಾಳೆ, ಆದರೆ ಅದು ಪಕ್ಕದ ಹಳ್ಳಿಯ ನಾಲ್ಕನೆಯ ಭಾಷೆಯ ಪದವನ್ನು ಒಂದಿಷ್ಟೂ ಹೋಲುವುದಿಲ್ಲ.

ಹೋಲುವುದಿಲ್ಲವೆಂದರೆ ನನ್ನ ಕಿವಿಯೇ ತಪ್ಪು ಕೇಳುತ್ತಿದೆ ಎಂದುಕೊಂಡೆ. ಉಳಿದ ಪದಗಳು ನಾಲ್ಕರಲ್ಲೂ ಐದರಲ್ಲೂ ಒಂದಕ್ಕೊಂದು ಸಾಕಷ್ಟು ಹತ್ತಿರವಿದ್ದವು, ಇವೂ ಇರಲೇಬೇಕು. ಎರಡು ದಿನ ಒದ್ದಾಡಿದೆ. ಮೂರನೆಯ ದಿನ, ಫಿಕಾಗೆ ಹೋಗುವ ಮುನ್ನ, ನಾಲ್ಕನೆಯ ಸಾಲಿನ ಪದಗಳನ್ನು ಐದನೆಯ ಸಾಲಿಗೆ ಇಳಿಸಿದೆ. ಗುಮಾನಿ ಬಾರದಿರಲೆಂದು ಕೊನೆಯ ಸ್ವರವನ್ನು ಅಲ್ಲಲ್ಲಿ ಸ್ವಲ್ಪ ಬದಲಾಯಿಸಿದೆ. ಒಟ್ಟು ಮೂವತ್ತೊಂದು ಚೌಕಗಳು. ಆಮೇಲೆ ಹೋಗಿ ದಾಲ್ಚಿನ್ನಿ ಬನ್ನು ತಿಂದೆ. ಪಟ್ಟಿ ಪೂರ್ತಿ ತುಂಬಿದ್ದಕ್ಕೆ ಗುನಿಲ್ಲಾ ಎಲ್ಲರ ಮುಂದೆ ನನಗೆ ಥ್ಯಾಂಕ್ಸ್ ಹೇಳಿದರು.

ಪ್ರೋಗ್ರಾಂ ವೃಕ್ಷ ಬರೆಯಿತು. ಐದು ಬೇರೆ ಭಾಷೆಯೇ ಅಲ್ಲ, ನಾಲ್ಕರ ಒಂದು ಉಪಭಾಷೆ ಎಂದು ಬಂತು. ಇದರಿಂದ ಯಾರಿಗೇನು ಎಂದು ನೀವು ಕೇಳಬಹುದು. ನಾನೂ ಹಾಗೇ ಸಮಾಧಾನ ಮಾಡಿಕೊಂಡೆ. ಆದರೆ ಅಷ್ಟರಲ್ಲಿ ಆ ಬೆಟ್ಟಗಳಲ್ಲಿ ಯುದ್ಧ ಶುರುವಾಗಿ ಜನ ಗಡಿಯಾಚೆಯ ನಿರಾಶ್ರಿತರ ಶಿಬಿರಗಳಲ್ಲಿದ್ದರು. ಉಳಿದ ಹಿರಿಯರ ಮಾತನ್ನು ಹೋಗಿ ದಾಖಲಿಸಿಕೊಳ್ಳಲು ಗುನಿಲ್ಲಾರ ತಂಡಕ್ಕೆ ಒಂದು ಪ್ರಯಾಣಕ್ಕೆ ಹಣ ಮಂಜೂರಾಗಿತ್ತು. ಪ್ರತ್ಯೇಕ ಭಾಷೆ ಎಂದು ವೃಕ್ಷದಲ್ಲಿ ಬಂದವಕ್ಕೆ ಮಾತ್ರ.

ಹೊರಡುವ ಮುನ್ನ ವಿಭಾಗದಲ್ಲಿ ಒಂದು ಸಭೆ. ಅದಕ್ಕೆ ಇದ್ರೀಸ್ ಬಂದ. ಊರಿನಲ್ಲಿ ಬಸ್ ಓಡಿಸುತ್ತಿದ್ದ ನಲವತ್ತರ ಆಸುಪಾಸಿನ ಮನುಷ್ಯ, ಐದನೆಯ ಭಾಷೆಯ ಹಳ್ಳಿಯವನು. ಎಂಟು ವರ್ಷದವನಿದ್ದಾಗ ಊರು ಬಿಟ್ಟು, ಖಾರ್ತೂಮಿನಲ್ಲಿ ಅರಬಿಯಲ್ಲಿ ಬೆಳೆದು, ಇಲ್ಲಿಗೆ ಬಂದವನು. ಗುನಿಲ್ಲಾ ಗೋಡೆಯ ಮೇಲೆ ವೃಕ್ಷ ತೋರಿಸಿದಾಗ ಕೈ ಎತ್ತಿದ. ನಾವೂ ಆ ಪಕ್ಕದ ಹಳ್ಳಿಯವರೂ ಹೆಣ್ಣು ಕೊಟ್ಟು ತಂದು ಮಾಡುತ್ತೇವೆ, ಆದರೆ ಸೊಸೆಯಾಗಿ ಬಂದವಳಿಗೆ ನಮ್ಮ ಮಾತು ತಿಳಿಯಲು ವರ್ಷ ಬೇಕು, ಅದು ಹೇಗೆ ಒಂದೇ ಆಗುತ್ತದೆ ಎಂದ. ಗುನಿಲ್ಲಾ ಮೃದುವಾಗಿ, ನೀವು ಚಿಕ್ಕವರಿದ್ದಾಗಲೇ ಊರು ಬಿಟ್ಟಿದ್ದೀರಿ ಎಂದರು. ಅವನು ಒಪ್ಪಿಕೊಂಡ. ತನಗೆ ಬರುವುದು ಅರ್ಧ ಭಾಷೆ, ಆದರೆ ಶಿಬಿರದಲ್ಲಿ ತನ್ನ ಮೂಸ್ಟರ್ ಇದ್ದಾಳೆ, ಅಂದರೆ ತಾಯಿಯ ಅಕ್ಕ, ನಮ್ಮ ಲೆಕ್ಕದಲ್ಲಿ ದೊಡ್ಡಮ್ಮ, ಅವಳಿಗೆ ಪೂರ್ತಿ ಬರುತ್ತದೆ, ಅವಳ ಬಳಿ ಹೋಗಿ ಎಂದ. ಆಮೇಲೆ ಕೇಳಿದ, "ನಮ್ಮ ಹಳ್ಳಿಯ ಟೇಪು ಇದೆಯಂತಲ್ಲ, ಒಂದ್ಸಲ ಕೇಳ್ಬಹುದಾ?"

ಗುನಿಲ್ಲಾ ಹಿಂದಿನ ಸಾಲಿನಲ್ಲಿದ್ದ ನನ್ನ ಕಡೆ ತಿರುಗಿದರು. "ಚನ್ನ, ಈಗಲೇ ಹಾಕೋಣ್ವಾ?"

"ಅದು ಹಾಳಾಗಿದೆ," ಎಂದೆ. "ನಾನು ಬರ್ಕೊಂಡ ಮೇಲೆ ಟೇಪು ಕಿತ್ತುಹೋಯ್ತು."

ಟೇಪು ನನ್ನ ಮೇಜಿನ ಎರಡನೆಯ ಡ್ರಾದಲ್ಲಿತ್ತು.

ಇದ್ರೀಸ್ ತಲೆ ಆಡಿಸಿದ, ಥ್ಯಾಂಕ್ಸ್ ಎಂದ, ಅವನ ಪಾಳಿಯ ಸಮಯವಾಗಿತ್ತು, ಹೊರಟುಹೋದ. ತಂಡ ಶಿಬಿರಕ್ಕೆ ಹೋಗಿ ಬಂತು. ಐದನ್ನು ಕೇಳಲಿಲ್ಲ. ನಾನು ಆರನ್ನೂ ಏಳನ್ನೂ ಮುಗಿಸಿದೆ. ನನ್ನ ನಿವೃತ್ತಿಗೆ ಕೆಲವು ತಿಂಗಳ ಮುಂಚೆ ಒಂದು ಸಂಜೆ ಬಸ್ ಹತ್ತಿದರೆ ಚಾಲಕ ಇದ್ರೀಸ್. ಗುರುತು ಹಿಡಿದು ಮಾತಾಡಿಸಿದ. ಮುಂದಿನ ಸೀಟಿನಲ್ಲಿ ಕೂತೆ. ದೊಡ್ಡಮ್ಮ ಹೇಗಿದ್ದಾರೆ ಎಂದು ಕೇಳಿದೆ, ಕೇಳಬಾರದಿತ್ತು. ಹೋದ ಚಳಿಗಾಲದಲ್ಲಿ ತೀರಿಕೊಂಡಳು ಎಂದ. ಕನ್ನಡಿಯಲ್ಲಿ ಹಿಂದೆ ನೋಡಿ, ಬಾಗಿಲು ಮುಚ್ಚಿ, ಬಸ್ಸು ಬಿಟ್ಟ. ನನ್ನ ನಿಲ್ದಾಣ ದಾಟಿದರೂ ನಾನು ಇಳಿಯಲಿಲ್ಲ.

ನಿವೃತ್ತಿಯ ದಿನ ಕೇಕು, ಹೂವು, ಒಂದು ಗಾಜಿನ ಬಟ್ಟಲು. ಗುನಿಲ್ಲಾ ನನ್ನ ಕಿವಿಯನ್ನು ಹೊಗಳಿದರು. ಟೇಪನ್ನು ನಾನು ಕೋಟಿನ ಜೇಬಿನಲ್ಲಿ ಹಾಕಿಕೊಂಡು ಬಂದೆ. ಅದು ಕಳವು. ಮಗಳ ಹತ್ತಿರ ಇರೋಣವೆಂದು ಯೋನ್‌ಶೋಪಿಂಗಿಗೆ ಬಂದೆವು. ಟೇಪು ಕಪಾಟಿನಲ್ಲಿ ಎರಡು ವರ್ಷ ಇತ್ತು. ಕಪಾಟು ಒರೆಸುವಾಗ ಸರೋಜಾ ಅದನ್ನು ಹಿಡಿದುಕೊಂಡು ಬಂದು ಇದೇನು ಎಂದಳು. ಎಲ್ಲ ಹೇಳಿದೆ. ಕಿವಿಯ ವಿಷಯವನ್ನೂ ಹೇಳಿದೆ.

"ನಿಮ್ಮ ಕಿವಿ ಕೇಳಂಗಿಲ್ಲ ಅಂತ ನನಗ ಹತ್ತು ವರ್ಷದಿಂದ ಗೊತ್ತೈತ್ರಿ," ಎಂದಳು. "ಒಂದಕ್ಕ ಎರಡು ಸಲ ಕೂಗಿ ನನ್ನ ಗಂಟಲು ಹೋತು. ಅದನ್ನ ಮುಚ್ಚಿಡಾಕ ಇಷ್ಟೆಲ್ಲಾ?" ಸ್ವಲ್ಪ ಹೊತ್ತು ಟೇಪನ್ನು ತಿರುಗಿಸಿ ನೋಡಿದಳು. "ಇಲ್ಲಿ ಕುಂತು ಮರುಗಿದ್ರ ಏನು ಬಂತು? ಅವನ ವಸ್ತು ಅವನಿಗೆ ಕೊಟ್ಟು ಬರ್ರಿ."

ಮೊದಲು ಗುನಿಲ್ಲಾರ ಬಳಿ ಹೋದೆ. ಅವರ ಕೋಣೆಯಲ್ಲಿ ನಿಂತುಕೊಂಡೇ ಹೇಳಿ ಮುಗಿಸಿದೆ. ಬೈಯಲಿ ಎಂದು ಕಾದೆ. ಬೈಯಲಿಲ್ಲ. ಕಂಪ್ಯೂಟರ್ ತೆರೆದು ಒಂದೇ ಮಾತು ಕೇಳಿದರು: "ಯಾವ್ಯಾವ ಚೌಕ?" ಮೂವತ್ತೊಂದನ್ನೂ ನೋಡದೆ ಹೇಳಿದೆ. ಅವರು ಒಂದೊಂದನ್ನೇ ಅಳಿಸಿದರು. ಅವರ ಹೆಸರಿನಲ್ಲಿ ಲೇಖನ ಅಚ್ಚಾಗಿತ್ತು, ಅದನ್ನು ತಿದ್ದಿ ಮತ್ತೆ ಪ್ರಕಟಿಸಬೇಕಾದ ಅವಮಾನ ಅವರದಾಯಿತು. ಇದ್ರೀಸನಿಗೆ ಫೋನ್ ಮಾಡಿ ಬರಹೇಳಿದರು.

ಅವನು ಬಂದಾಗ ನಾನು ಮತ್ತೆ ಅದನ್ನೇ ಹೇಳಿದೆ. ಟೇಪು ಹಾಳಾಗಿರಲಿಲ್ಲ ಎಂದೆ. ಅವನು ನನ್ನನ್ನು ನೋಡಿದ ರೀತಿಯನ್ನು ಬರೆಯಲಾರೆ. ಟೇಪು ಹಾಕಿ ಎಂದಷ್ಟೇ ಹೇಳಿದ. ಹಾಕಿದೆವು. ನಾಲ್ಕನೆಯದೋ ಐದನೆಯದೋ ಪದಕ್ಕೆ ಅವನು ಎರಡೂ ಕೈಯನ್ನು ಹೆಡ್‌ಫೋನಿನ ಮೇಲೆ ಒತ್ತಿ ಹಿಡಿದ. ಆ ದನಿ ಅವನ ದೊಡ್ಡಮ್ಮನದು. ಅವಳಿಗೆ ಆಗ ಮೂವತ್ತು ವರ್ಷವಿರಬೇಕು, ತಾನು ಹುಟ್ಟಿದ ಮನೆ ಇನ್ನೂ ಇತ್ತು ಎಂದ. ಹೆಂಗಸರು ನಗುವ ಜಾಗ ಬಂದಾಗ ನಿಲ್ಲಿಸಿ ಹಿಂದಕ್ಕೆ ಓಡಿಸಿ ಮತ್ತೆ ಕೇಳಿದ, ಮತ್ತೊಮ್ಮೆ ಕೇಳಿದ. ಅವನೂ ನಕ್ಕ.

"ಅವಳು ಹೇಳೋಕಾಗಲ್ಲ," ಎಂದ. "ಅವಳ ಮಾವನ ಹೆಸರಲ್ಲಿ ಆ ಶಬ್ದ ಇದೆ. ಸೊಸೆ ಅದನ್ನ ಬಾಯಲ್ಲಿ ತರಬಾರದು. ಅದಕ್ಕೇ ಎಲ್ಲ ನಗ್ತಿದಾರೆ, ಈ ಬಿಳಿಯ ಮನುಷ್ಯ ಅವಳನ್ನ ಹೇಗೆ ಸಿಕ್ಕಿಸಿದ ನೋಡಿ ಅಂತ."

ಒಂದು ಹೆಸರನ್ನು ಸುತ್ತಿಕೊಂಡು ಎಷ್ಟೋ ಪದಗಳು ಸೊಸೆಯರಿಗೆ ನಿಷಿದ್ಧವಂತೆ. ಬೇರೆ ಭಾಷೆಯವರ ಬಾಯಲ್ಲಿ ಇಲ್ಲದ, ಅಲ್ಲಿಯ ಹೆಂಗಸರೇ ಕಾಯ್ದುಕೊಂಡು ಬಂದ ಪದಗಳನ್ನು ಅವಳು ಅವುಗಳ ಬದಲಿಗೆ ಹೇಳಿದ್ದಳು. ನಾಲ್ಕನ್ನು ಹೋಲುವುದಿಲ್ಲವೆಂದು ನಾನು ತಪ್ಪು ಎಂದುಕೊಂಡು ಬಿಟ್ಟುಬಿಟ್ಟದ್ದು ಅವನ್ನೇ. ನನ್ನ ಕಿವಿ ಅವನ್ನು ಸರಿಯಾಗಿಯೇ ಕೇಳಿತ್ತು. ಬಿಳೇ ಹೂವು ಎನ್ನುತ್ತಿದ್ದ ತಾಯಿಯ ಮಗ, ಪಾಸ್‌ಪೋರ್ಟು ತಳ್ಳಿದ ಹೆಂಡತಿಯ ಗಂಡ, ಇಡೀ ವಿಭಾಗದಲ್ಲಿ ಆ ಮೌನವನ್ನು, ಆ ನಗುವನ್ನು ಅರ್ಥ ಮಾಡಿಕೊಳ್ಳಬಹುದಾಗಿದ್ದವನು ನಾನೊಬ್ಬನೇ. ನಾನು ಕೇಳಿಸಿಕೊಳ್ಳಲಿಲ್ಲ.

ಮೂರು ಶನಿವಾರ ಕೂತೆವು. ಇದ್ರೀಸ್ ಟೇಪು ಕೇಳಿ ಹೇಳುತ್ತಿದ್ದ, ಗುನಿಲ್ಲಾ ತುಂಬುತ್ತಿದ್ದರು, ನಾನು ಪಕ್ಕದಲ್ಲಿ ಟೇಪು ಓಡಿಸುವ ಕೆಲಸ ಮಾಡುತ್ತಿದ್ದೆ. ಹತ್ತೊಂಬತ್ತು ಪದ ಸಿಕ್ಕವು. ಅಷ್ಟಕ್ಕೇ ವೃಕ್ಷ ಅಲುಗಾಡಿತು, ಐದು ನಾಲ್ಕರಿಂದ ಕಳಚಿಕೊಂಡು ಪಕ್ಕಕ್ಕೆ ಬಂತು. ಆದರೆ ಅಂಚಿನಲ್ಲಿತ್ತು. ಉಳಿದ ಹನ್ನೆರಡು ಕಡೆ ಅವಳು ಏನೂ ಹೇಳಿರಲಿಲ್ಲ, ನಗು ಮಾತ್ರ. ಅವುಗಳಲ್ಲಿ ಕೆಲವಾದರೂ ಬೇರೆಯದೇ ಪದ ಎಂದು ಗೊತ್ತಾದರೆ ಯಾರೂ ಪ್ರಶ್ನೆ ಮಾಡುವಂತಿರುವುದಿಲ್ಲ ಎಂದು ಗುನಿಲ್ಲಾ ಹೇಳಿದರು. ಆ ಪದಗಳು ನಿಮಗೆ ಗೊತ್ತೇ ಎಂದು ಇದ್ರೀಸನನ್ನು ಕೇಳಿದರು.

ಅವನು ಪರದೆಯ ಮೇಲಿನ ಆ ಹನ್ನೆರಡು ಖಾಲಿ ಚೌಕಗಳನ್ನು ನೋಡುತ್ತ ಕೂತ. ಅವನು ಯಾವ ಪದ ಹೇಳಿದ್ದರೂ ನಾವಿಬ್ಬರೂ ನಂಬುತ್ತಿದ್ದೆವು. ಪರೀಕ್ಷಿಸಬಲ್ಲವಳು ಶಿಬಿರದ ಮಣ್ಣಿನಲ್ಲಿದ್ದಳು. ಅವನ ಭಾಷೆ, ಅವನ ಹಳ್ಳಿ, ಅವನ ಹಟ. ನಾನು ಕಾದೆ, ಹೇಳಿಬಿಡಲಿ ಎಂದು. ಹೇಳಿದರೆ ನನ್ನ ಭಾರ ಸ್ವಲ್ಪ ಇಳಿಯುತ್ತಿತ್ತು.

"ಏನೋ ಬರುತ್ತೆ ಬಾಯಿಗೆ," ಎಂದ. "ನಮ್ಮ ಪದವೋ ಪಕ್ಕದವರದೋ ನನಗೇ ಗೊತ್ತಿಲ್ಲ. ಖಾಲಿ ಬಿಡಿ."

ನನ್ನನ್ನು ಕ್ಷಮಿಸಿದೆ ಎಂದು ಅವನು ಅಂದೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ಟೇಪಿನ ಒಂದು ಪ್ರತಿ ಮಾಡಿಕೊಟ್ಟೆವು, ತೆಗೆದುಕೊಂಡು ಹೋದ.

ತಿದ್ದಿದ ಪಟ್ಟಿ ಅಚ್ಚಾಗುವ ಮುನ್ನ ಗುನಿಲ್ಲಾರಿಗೆ ಒಂದು ಕೋರಿಕೆ ಕಳಿಸಿದೆ. ಖಾಲಿ ಜಾಗವನ್ನು ಬರಿದೇ ಬಿಟ್ಟರೆ ಓದುವವರ ಕಣ್ಣು ಅದನ್ನು ದಾಟಿ ಹೋಗಿಬಿಡುತ್ತದೆ, ಅಲ್ಲಿ ಏನಾದರೂ ಕಪ್ಪಗೆ ಇರಲಿ ಎಂದೆ. ಯಾಕೆಂದು ಅವರು ಕೇಳಲಿಲ್ಲ. ಮೊನ್ನೆ ಪ್ರತಿ ಅಂಚೆಯಲ್ಲಿ ಬಂತು. ಐದನೆಯ ಸಾಲಿನಲ್ಲಿ ಹನ್ನೆರಡು ಕಪ್ಪು ಚೌಕಗಳಿವೆ, ಮೊಳೆ ತಿರುಗಿಸಿಟ್ಟ ಪ್ರೂಫಿನ ಹಾಗೆ. ಸರೋಜಾ ಕನ್ನಡಕ ಹಾಕಿಕೊಂಡು ನೋಡಿ, ಇದೇನ್ರಿ ಅಚ್ಚು ಕೆಟ್ಟೈತಿ ಎಂದಳು. ಇಲ್ಲ, ಇದೊಂದೇ ಸರಿಯಾಗಿ ಬಂದಿದೆ ಎಂದೆ.

ಮೇಘನಾ, ಕೆಂಪು ತೋರಿಸಿದರೆ ತೋರಿಸಲಿ ಬಿಡಮ್ಮ.